ಹಂಚಿಕೊಳ್ಳಿ ಅನ್ನುವ ಮೊದಲು ಕೇಳಲು ಬಿಡಿ

ಒಬ್ಬರು ಕೆಲಸ ಬಿಡುತ್ತೇನೆ ಅಂತ ಹೇಳಿದ ದಿನದಿಂದ ಆಫೀಸಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು. ಕೆಟಿ (ನಾಲೆಡ್ಜ್ ಟ್ರಾನ್ಸ್‌ಫರ್, ಅಂದರೆ ಗೊತ್ತಿರುವುದನ್ನು ಮುಂದಿನವರಿಗೆ ದಾಟಿಸುವುದು) ಆಯ್ತಾ? ಕೆಟಿ ಡಾಕ್ಯುಮೆಂಟ್ ಎಲ್ಲಿದೆ? ಐದಾರು ವರ್ಷ, ಕೆಲವೊಮ್ಮೆ ಹತ್ತು ಹದಿನೈದು ವರ್ಷ ಒಂದೇ ಕೆಲಸ ಮಾಡಿದವರ ತಲೆಯಲ್ಲಿರುವುದನ್ನೆಲ್ಲ ಕೊನೆಯ ಎರಡು ವಾರದಲ್ಲಿ, ಅದೂ ಅವರ ಮನಸ್ಸು ಆಗಲೇ ಹೊಸ ಕೆಲಸದ ಕಡೆ ತಿರುಗಿರುವಾಗ, ಒಂದು ಫೈಲಿಗೆ ಇಳಿಸಿಕೊಳ್ಳಲು ಹೊರಡುತ್ತೇವೆ. ಅವರು ಪ್ರಾಮಾಣಿಕವಾಗಿಯೇ ಬರೆಯುತ್ತಾರೆ. ಪುಟಗಟ್ಟಲೆ ಬರೆಯುತ್ತಾರೆ. ಅವರು ಹೋದ ವಾರದೊಳಗೆ ಏನೋ ಒಂದು ಕೈಕೊಡುತ್ತದೆ, ಅಷ್ಟು ಪುಟಗಳಲ್ಲಿ ಅದೊಂದು ಮಾತ್ರ ಇರುವುದಿಲ್ಲ.

ಆಮೇಲೆ ಬರುವ ಮಾತು ನನಗೆ ಇನ್ನೂ ಬೇಜಾರು ತರಿಸುತ್ತದೆ. 'ಬೇಕಂತಲೇ ಹೇಳದೆ ಹೋದರು' ಅನ್ನುತ್ತಾರೆ. ಬೇಕಂತಲೇ ಮುಚ್ಚಿಡುವವರು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ, ಇದ್ದಾರೆ, ಅವರ ಬಗ್ಗೆ ಮುಂದೆ ಬರೆಯುತ್ತೇನೆ. ಆದರೆ ನಾನು ಕೆಲಸ ಮಾಡಿದ ಕಡೆಯೆಲ್ಲ ಅಂಥವರು ಕಡಿಮೆ. ಜಾಸ್ತಿ ಜನಕ್ಕೆ ತಮಗೆ ಏನು ಗೊತ್ತಿದೆ ಅನ್ನುವುದೇ ಗೊತ್ತಿರುವುದಿಲ್ಲ. ಯಾರಾದರೂ ಕೇಳಿದಾಗ ಅದು ಹೊರಗೆ ಬರುತ್ತದೆ. ಕೇಳದಿದ್ದರೆ ಒಳಗೇ ಇರುತ್ತದೆ.

ಹಾಗಾಗಿ ಒಂದು ಕಂಪನಿಯಲ್ಲಿ ತಿಳಿವಳಿಕೆ ಒಬ್ಬರಿಂದ ಒಬ್ಬರಿಗೆ ಹೋಗಬೇಕು ಅಂದರೆ 'ಹಂಚಿಕೊಳ್ಳಿ, ಹಂಚಿಕೊಳ್ಳಿ' ಅಂತ ಗೊತ್ತಿರುವವರ ಬೆನ್ನು ಹತ್ತುವುದಕ್ಕಿಂತ, ಗೊತ್ತಿಲ್ಲದವರು ಧೈರ್ಯವಾಗಿ ಕೇಳುವಂತೆ ಮಾಡುವುದು ಮುಖ್ಯ ಅಂತ ನಾನು ನಂಬಿದ್ದೇನೆ. ಇದನ್ನೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಮ್ಮೆ ನನ್ನ ಪಕ್ಕದ ಟೀಮಿನಲ್ಲಿ ತಿಂಗಳ ಕೊನೆಯ ರಿಪೋರ್ಟ್ ಮಾಡುವ ಹಿರಿಯರೊಬ್ಬರ ಪಕ್ಕ ಹೊಸದಾಗಿ ಸೇರಿದ ಹುಡುಗಿ ಕೂತಿದ್ದಳು. ಅವಳ ಕೈಯಲ್ಲಿ ಆ ಕೆಲಸದ ಡಾಕ್ಯುಮೆಂಟ್ ಇತ್ತು. ಅದರಲ್ಲಿ ಬರೆದಿದ್ದದ್ದು ಇಷ್ಟೇ: ಫೈಲ್ ಬಂದ ಮೇಲೆ ಅಪ್‌ಲೋಡ್ ಮಾಡಿ. ಹಿರಿಯರು ಫೈಲ್ ತೆರೆದರು, ಸರ್ರನೆ ಕೊನೆಯವರೆಗೆ ಇಳಿದರು, ಒಂದು ಕ್ಷಣ ನೋಡಿದರು, ಮುಚ್ಚಿದರು, ಅಪ್‌ಲೋಡ್ ಮಾಡಿದರು. 'ಕೊನೆಗೆ ಹೋಗಿ ಏನು ನೋಡಿದ್ರಿ?' ಅಂತ ಅವಳು ಕೇಳಿದಳು. ಅವರಿಗೆ ತಾವು ನೋಡಿದ್ದೇ ನೆನಪಿರಲಿಲ್ಲ. ಸ್ವಲ್ಪ ಯೋಚಿಸಿ ಹೇಳಿದರು. ಕೆಲವೊಮ್ಮೆ ಫೈಲ್ ಅರ್ಧಕ್ಕೇ ತುಂಡಾಗಿ ಬರುತ್ತದೆ. ಪೂರ್ತಿ ಬಂದಿದ್ದರೆ ಕೊನೆಯ ಸಾಲಿನಲ್ಲಿ ಒಟ್ಟು ಮೊತ್ತ ಇರುತ್ತದೆ. ತುಂಡಾಗಿದ್ದರೂ ಸಿಸ್ಟಮ್ ತಕರಾರು ಮಾಡದೆ ತೆಗೆದುಕೊಳ್ಳುತ್ತದೆ, ಎರಡು ದಿನ ಆದ ಮೇಲೆ ಲೆಕ್ಕ ತಾಳೆ ಆಗುವುದಿಲ್ಲ, ಆಗ ಯಾಕೆ ಅಂತ ಹುಡುಕುವುದರಲ್ಲಿ ಎಲ್ಲರ ಜೀವ ಹೋಗುತ್ತದೆ.

ಆ ಡಾಕ್ಯುಮೆಂಟ್ ಬರೆದವರೂ ಅವರೇ. ಬರೆಯುವಾಗ ಇದು ಅವರಿಗೆ ಹೊಳೆದಿರಲಿಲ್ಲ. ಹೊಳೆಯುವುದಾದರೂ ಹೇಗೆ? ವರ್ಷಗಟ್ಟಲೆ ಮಾಡಿ ಮಾಡಿ ಅದು ಕೈಯ ಅಭ್ಯಾಸವಾಗಿಬಿಟ್ಟಿತ್ತು. ಪಕ್ಕದಲ್ಲಿ ಕೂತು ಕಣ್ಣಿಟ್ಟು ನೋಡಿದ, ನೋಡಿದ್ದನ್ನು ಕೇಳಿದ ಒಬ್ಬಳಿಂದ ಅದು ಹೊರಗೆ ಬಂತು. ಅವಳು ಅವತ್ತೇ ಆ ಡಾಕ್ಯುಮೆಂಟಿಗೆ ಎರಡು ಸಾಲು ಸೇರಿಸಿದಳು.

ಮನುಷ್ಯನಿಗೆ ತಾನು ಬಾಯಿಬಿಟ್ಟು ಹೇಳಬಲ್ಲದ್ದಕ್ಕಿಂತ ಜಾಸ್ತಿ ಗೊತ್ತಿರುತ್ತದೆ ಅಂತ ತತ್ವಜ್ಞಾನಿ ಮೈಕೆಲ್ ಪೊಲಾನಿ 1960ರ ದಶಕದಲ್ಲೇ ಹೇಳಿದ್ದರು. ಅದು ಎಷ್ಟರ ಮಟ್ಟಿಗೆ ನಿಜ ಅನ್ನುವುದಕ್ಕೆ ನನಗೆ ಗೊತ್ತಿರುವ ಅತಿ ದೊಡ್ಡ ಉದಾಹರಣೆ ಅಮೆರಿಕದ ಅಣ್ವಸ್ತ್ರ ಕಾರ್ಖಾನೆಯದ್ದು. ಡಬ್ಲ್ಯು76 ಅನ್ನುವ ಸಿಡಿತಲೆಯಲ್ಲಿ ಫಾಗ್‌ಬ್ಯಾಂಕ್ ಎಂಬ ಗುಟ್ಟಿನ ವಸ್ತು ಬಳಸುತ್ತಿದ್ದರು. 1989ರ ಹೊತ್ತಿಗೆ ಅದನ್ನು ತಯಾರಿಸುವುದು ನಿಂತಿತ್ತು. ಮುಂದೆ ಹಳೆಯ ಸಿಡಿತಲೆಗಳನ್ನು ನವೀಕರಿಸಲು ಹೊರಟಾಗ ಅದನ್ನು ಮತ್ತೆ ಮಾಡಬೇಕಾಗಿ ಬಂತು. ಮಾಡಲು ಆಗಲಿಲ್ಲ. ತಯಾರಿಕೆಯ ದಾಖಲೆ ಸರಿಯಾಗಿ ಉಳಿದಿರಲಿಲ್ಲ, ಗೊತ್ತಿದ್ದವರು ಹೆಚ್ಚುಕಡಿಮೆ ಎಲ್ಲರೂ ನಿವೃತ್ತರಾಗಿದ್ದರು ಇಲ್ಲವೇ ಬಿಟ್ಟು ಹೋಗಿದ್ದರು ಅಂತ ಅಲ್ಲಿನ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆ 2009ರ ವರದಿಯಲ್ಲಿ ಬರೆಯಿತು. ಕೋಟ್ಯಂತರ ಡಾಲರ್ ಸುರಿದು ಕೊನೆಗೂ ಮಾಡಿದರು ಅನ್ನಿ. ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಆಮೇಲೆ ಹೊರಬಂದ ವಿಷಯ. ಹಳೆಯ ಕಾಲದಲ್ಲಿ ಕಚ್ಚಾ ವಸ್ತುವಿನಲ್ಲಿ ಒಂದು ಕಲ್ಮಶ ಉಳಿದುಬಿಡುತ್ತಿತ್ತು, ಆ ಕಲ್ಮಶ ಇದ್ದದ್ದರಿಂದಲೇ ಫಾಗ್‌ಬ್ಯಾಂಕ್ ಸರಿಯಾಗಿ ಬರುತ್ತಿತ್ತು. ಹೊಸಬರು ಇನ್ನೂ ಚೆನ್ನಾಗಿ ಶುದ್ಧ ಮಾಡಿದ್ದರಿಂದ ಕೆಟ್ಟಿತು. ಮೊದಲು ತಯಾರಿಸಿದವರಿಗೂ ಇದು ಗೊತ್ತಿರಲಿಲ್ಲ. ಅವರ ಕೈಯಿಂದ ಎಷ್ಟೇ ಪುಟ ಬರೆಸಿದ್ದರೂ ಈ ಒಂದು ಸಾಲು ಬರುತ್ತಿರಲಿಲ್ಲ ಅಲ್ವಾ?

ಬರೆಸಿಕೊಳ್ಳುವುದು ಬೇಡ ಅಂತ ನಾನು ಹೇಳುತ್ತಿಲ್ಲ. ಬರೆಸಿಕೊಂಡರೆ ಮುಗಿಯಿತು ಅಂದುಕೊಳ್ಳುವುದು ಅಪಾಯ ಅನ್ನುತ್ತಿದ್ದೇನೆ.

ಸರಿ, ಕೇಳಬೇಕು. ಹಾಗಾದರೆ ಜನ ಯಾಕೆ ಕೇಳುವುದಿಲ್ಲ?

ಹೆದರಿಕೆ. ಇಷ್ಟು ವರ್ಷ ಆದರೂ ಇವನಿಗೆ ಇದು ಗೊತ್ತಿಲ್ವಾ ಅಂದುಕೊಂಡಾರು ಅನ್ನುವ ಹೆದರಿಕೆ. ಅದು ಹೊಸಬರಿಗಿಂತ ನಾಲ್ಕೈದು ವರ್ಷ ಆದವರಲ್ಲಿ ಜಾಸ್ತಿ. ಹೊಸಬರಿಗೆ ಒಂದಷ್ಟು ತಿಂಗಳ ರಿಯಾಯಿತಿ ಇರುತ್ತದೆ, ಏನು ಕೇಳಿದರೂ ನಡೆಯುತ್ತದೆ. ಆ ಹೊತ್ತು ದಾಟಿದ ಮೇಲೆ ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನುವುದು ಕಷ್ಟ. ಮೀಟಿಂಗಿನಲ್ಲಿ ಎಲ್ಲರೂ ತಲೆಯಾಡಿಸುತ್ತಿದ್ದರೆ ನಾವೂ ತಲೆಯಾಡಿಸುತ್ತೇವೆ.

ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಗಳ ಟೀಮುಗಳನ್ನು ಅಧ್ಯಯನ ಮಾಡಿದರು. ಚೆನ್ನಾಗಿ ಹೊಂದಿಕೊಂಡು ಕೆಲಸ ಮಾಡುವ ಟೀಮುಗಳಲ್ಲಿ ಔಷಧಿ ಕೊಡುವಾಗಿನ ತಪ್ಪುಗಳು ಕಡಿಮೆ ಇರಬಹುದು ಅನ್ನುವುದು ಅವರ ಊಹೆ. ಅಂಕಿ ಅಂಶ ನೋಡಿದರೆ ಉಲ್ಟಾ. ಒಳ್ಳೆಯ ಟೀಮುಗಳಲ್ಲೇ ತಪ್ಪಿನ ಲೆಕ್ಕ ಜಾಸ್ತಿ. ಕಾರಣ ಹುಡುಕುತ್ತಾ ಹೋದಾಗ, ಆ ಟೀಮುಗಳಲ್ಲಿ ತಪ್ಪು ಜಾಸ್ತಿ ಆಗುತ್ತಿದೆ ಅನ್ನುವುದಕ್ಕಿಂತ ಅಲ್ಲಿ ಜನ ತಪ್ಪನ್ನು ಬಾಯಿಬಿಟ್ಟು ಹೇಳುತ್ತಿದ್ದಾರೆ ಅನ್ನುವುದು ಕಂಡಿತು. ಉಳಿದ ಕಡೆ ಮೇಲಿನವರ ಹೆದರಿಕೆಗೆ ಎಲ್ಲ ಮುಚ್ಚಿಹೋಗುತ್ತಿತ್ತು. ನಿಮ್ಮ ಟೀಮಿನಲ್ಲಿ ಯಾರೂ ಪ್ರಶ್ನೆ ಕೇಳುವುದಿಲ್ಲ ಅಂದರೆ ಎಲ್ಲರಿಗೂ ಎಲ್ಲ ಗೊತ್ತಿದೆ ಅಂತ ಖುಷಿಪಡಬೇಡಿ, ದಯವಿಟ್ಟು.

ಇನ್ನೊಂದು ತಪ್ಪು ಕಲ್ಪನೆ, ಕೇಳಿದರೆ ಎದುರಿನವರಿಗೆ ಕಿರಿಕಿರಿ ಆಗುತ್ತದೆ ಅನ್ನುವುದು. ಫ್ರಾಂಕ್ ಫ್ಲಿನ್ ಮತ್ತು ವನೆಸ್ಸಾ ಲೇಕ್ 2008ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಇದನ್ನೇ ನೋಡಿದರು. ಐದು ಜನ ಅಪರಿಚಿತರಿಂದ ಒಂದು ಪ್ರಶ್ನಾವಳಿ ತುಂಬಿಸಿಕೊಂಡು ಬರಬೇಕು, ಎಷ್ಟು ಜನರನ್ನು ಕೇಳಬೇಕಾಗಬಹುದು? ಸುಮಾರು 20 ಅಂತ ಜನ ಅಂದಾಜು ಮಾಡಿದರು. ಹೋಗಿ ಕೇಳಿದಾಗ ಸುಮಾರು 10 ಜನರನ್ನು ಕೇಳುವಷ್ಟರಲ್ಲಿ ಕೆಲಸ ಆಯಿತು. ನಾವು ಅಂದುಕೊಂಡದ್ದಕ್ಕಿಂತ ಜನ ಒಳ್ಳೆಯವರು. ಆಫೀಸಿನಲ್ಲೂ ಅಷ್ಟೇ. ತನ್ನ ಕೆಲಸದ ಬಗ್ಗೆ ಯಾರೋ ಆಸಕ್ತಿಯಿಂದ ಕೇಳುತ್ತಿದ್ದಾರೆ ಅಂದರೆ ಯಾರಿಗೆ ಖುಷಿಯಾಗುವುದಿಲ್ಲ ಹೇಳಿ.

ಈ ಹೆದರಿಕೆ ಹೋಗಬೇಕಾದರೆ ಮೇಲಿನವರು ಮೊದಲು ಕೇಳಬೇಕು. ಎಲ್ಲರ ಮುಂದೆ. 'ನನಗೆ ಇದು ಅರ್ಥ ಆಗಲಿಲ್ಲ, ಇನ್ನೊಮ್ಮೆ ಹೇಳ್ತೀರಾ?' ಅಂತ ಒಬ್ಬ ಮ್ಯಾನೇಜರ್ ಮೀಟಿಂಗಿನಲ್ಲಿ ಕೇಳಿದ ದಿನ, ಆ ಮೀಟಿಂಗಿನ ಗಾಳಿಯೇ ಬದಲಾಗುವುದನ್ನು ನಾನು ನೋಡಿದ್ದೇನೆ. ಇದಕ್ಕೆ ಸಾಫ್ಟ್‌ವೇರ್ ಬೇಡ, ಬಜೆಟ್ ಬೇಡ.

ಹಂಚಿಕೆ ಅಂದ ತಕ್ಷಣ ಕೊಡುವವರಿಗೆ ಮನಸ್ಸಿಲ್ಲ ಅನ್ನುವ ತೀರ್ಮಾನಕ್ಕೆ ಬರುವವರು ಗೇಬ್ರಿಯಲ್ ಶುಲಾನ್‌ಸ್ಕಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಬೇಕು. ಎಂಟು ಕಂಪನಿಗಳಲ್ಲಿ ಒಳ್ಳೆಯ ಕೆಲಸದ ಕ್ರಮಗಳನ್ನು ಒಂದು ವಿಭಾಗದಿಂದ ಇನ್ನೊಂದಕ್ಕೆ 122 ಸಲ ಸಾಗಿಸಿದಾಗ ಏನು ಅಡ್ಡ ಬಂತು ಅಂತ ಅವರು ಹುಡುಕಿದರು. ದೊಡ್ಡ ಅಡ್ಡಿಗಳು ಮೂರು. ಪಡೆಯುವವರಿಗೆ ಅದನ್ನು ಹಿಡಿದುಕೊಳ್ಳುವಷ್ಟು ತಳಪಾಯ ಇರಲಿಲ್ಲ. ಆ ಕ್ರಮ ಯಾಕೆ ಕೆಲಸ ಮಾಡುತ್ತದೆ ಅನ್ನುವುದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಇಬ್ಬರ ನಡುವಿನ ಸಂಬಂಧ ಸಲೀಸಾಗಿರಲಿಲ್ಲ. ಮನಸ್ಸಿಲ್ಲ ಅನ್ನುವ ಕಾರಣ ಇವುಗಳ ಹಿಂದೆ ನಿಂತಿತು. ಅಂದರೆ ಇಬ್ಬರು ಒಬ್ಬರಿಗೊಬ್ಬರು ಪರಿಚಯವಿದ್ದು, ಸಲೀಸಾಗಿ ಮಾತಾಡುವಂತಿದ್ದರೆ ಅರ್ಧ ಕೆಲಸ ಆದಂತೆ.

ಈ ಪರಿಚಯ, ಮಾತುಕತೆಯ ವಿಷಯ ಬಂದಾಗ ನನಗೆ ಜೆರಾಕ್ಸ್ ಕಂಪನಿಯ ರಿಪೇರಿಯವರ ಕತೆ ನೆನಪಾಗುತ್ತದೆ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕಂದರೆ ಇದರಲ್ಲಿ ನನ್ನ ಮಾತೆಲ್ಲ ಇದೆ.

1980ರ ದಶಕದಲ್ಲಿ ಜೂಲಿಯನ್ ಓರ್ ಅನ್ನುವವರು ಜೆರಾಕ್ಸ್ ಮೆಷಿನ್ ರಿಪೇರಿ ಮಾಡುವ ತಂತ್ರಜ್ಞರ ಜೊತೆ ಓಡಾಡಿದರು. ಓರ್ ಮಾನವಶಾಸ್ತ್ರಜ್ಞರು. ಕಂಪನಿಯ ಲೆಕ್ಕದಲ್ಲಿ ರಿಪೇರಿ ಅಂದರೆ ಒಬ್ಬ ಮನುಷ್ಯ, ಒಂದು ಮೆಷಿನ್, ಒಂದು ಮ್ಯಾನ್ಯುಯಲ್. ಎರರ್ ಕೋಡ್ ನೋಡು, ಪುಟ ತೆಗೆ, ಅದರಲ್ಲಿ ಹೇಳಿದಂತೆ ಮಾಡು. ಓರ್ ಕಂಡದ್ದು ಬೇರೆ. ಆ ತಂತ್ರಜ್ಞರು ಬಿಡುವಾದಾಗಲೆಲ್ಲ ಒಟ್ಟಿಗೆ ಸೇರುತ್ತಿದ್ದರು, ಒಟ್ಟಿಗೆ ಊಟ ಮಾಡುತ್ತಿದ್ದರು, ಊಟದ ಹೊತ್ತಿನಲ್ಲಿ ಬರೀ ಮೆಷಿನ್ ಕತೆ. ನಿನ್ನೆ ಆ ಮೆಷಿನ್ ಹೀಗೆ ಕೈಕೊಟ್ಟಿತು, ನಾನು ಹೀಗೆ ಮಾಡಿದೆ, ನಿನಗೆ ಯಾವಾಗಲಾದರೂ ಹೀಗಾಗಿತ್ತಾ? ಒಂದು ಸಲ ಒಂದು ಮೆಷಿನ್ ತೋರಿಸುತ್ತಿದ್ದ ಎರರ್ ಕೋಡ್ ಒಂದು ಕಡೆ, ನಿಜವಾದ ತೊಂದರೆ ಇನ್ನೊಂದು ಕಡೆ. ಮ್ಯಾನ್ಯುಯಲ್ ಕೈಚೆಲ್ಲಿತು. ತಂತ್ರಜ್ಞ ಮತ್ತು ಅವನಿಗೆ ಸಹಾಯಕ್ಕೆ ಬಂದ ಪರಿಣತ ಇಬ್ಬರೂ ಮೆಷಿನ್ ಎದುರು ನಿಂತು ತಮ್ಮ ಹಳೆಯ ಅನುಭವಗಳನ್ನು ಒಂದಾದ ಮೇಲೆ ಒಂದು ಹೇಳುತ್ತಾ ಹೋದರು. ಒಬ್ಬರ ನೆನಪು ಇನ್ನೊಬ್ಬರ ನೆನಪನ್ನು ಎಬ್ಬಿಸಿತು. ಬಹಳ ಹೊತ್ತಿನ ಮೇಲೆ ಕಾರಣ ಸಿಕ್ಕಿತು. ಅದು ಇಬ್ಬರಲ್ಲಿ ಯಾರ ತಲೆಯಲ್ಲೂ ಮೊದಲೇ ಪೂರ್ತಿಯಾಗಿ ಇರಲಿಲ್ಲ. ಮಾತಿನಲ್ಲಿ ಹುಟ್ಟಿತು.

ಹೊರಗಿನಿಂದ ನೋಡುವ ಮೇಲಧಿಕಾರಿಗೆ ಆ ಊಟದ ಹೊತ್ತಿನ ಮಾತು ಹರಟೆ ಅನ್ನಿಸಬಹುದು. ಟೈಮ್ ವೇಸ್ಟ್ ಅಂತ ಕತ್ತರಿಸಿಬಿಡಬಹುದು. ಎಷ್ಟೋ ಕಡೆ ಕತ್ತರಿಸಿದ್ದಾರೆ ಕೂಡ.

ಜೆರಾಕ್ಸ್ ಹಾಗೆ ಮಾಡಲಿಲ್ಲ. 1990ರ ದಶಕದಲ್ಲಿ, ಮೊದಲು ಫ್ರಾನ್ಸಿನಲ್ಲಿ, ಯುರೇಕಾ ಅನ್ನುವ ವ್ಯವಸ್ಥೆ ಶುರುಮಾಡಿದರು. ತಂತ್ರಜ್ಞರು ತಾವು ಕಂಡುಕೊಂಡ ಉಪಾಯವನ್ನು ಅದರಲ್ಲಿ ಬರೆಯಬಹುದು. ಆದರೆ ಬರೆದದ್ದೆಲ್ಲ ನೇರ ಒಳಗೆ ಹೋಗುವುದಿಲ್ಲ, ಬೇರೆ ಅನುಭವಿ ತಂತ್ರಜ್ಞರು ಅದನ್ನು ಪರೀಕ್ಷಿಸಿ, ಹೌದು ಇದು ಕೆಲಸ ಮಾಡುತ್ತದೆ ಅಂದ ಮೇಲೆ ಹೋಗುತ್ತದೆ. ಬರೆದವರ ಹೆಸರು ಅದರ ಜೊತೆಗೇ ಇರುತ್ತದೆ. ದುಡ್ಡಿನ ಬಹುಮಾನ ಇಡೋಣ ಅನ್ನುವ ಮಾತು ಬಂದಾಗ ತಂತ್ರಜ್ಞರೇ ಬೇಡ ಅಂದರು. ದುಡ್ಡು ಇಟ್ಟರೆ ಜನ ಎಷ್ಟು ಬರೆದೆ ಅಂತ ಎಣಿಸುತ್ತಾರೆ, ಎಂಥದ್ದು ಬರೆದೆ ಅಂತ ನೋಡುವುದಿಲ್ಲ ಅನ್ನುವುದು ಅವರಿಗೆ ಗೊತ್ತಿತ್ತು. ಈ ವ್ಯವಸ್ಥೆಯಿಂದ ಕಂಪನಿಗೆ ಸುಮಾರು 10 ಕೋಟಿ ಡಾಲರ್ ಉಳಿಯಿತು ಅನ್ನುವ ಅಂದಾಜು ಇದೆ. ಸಾಫ್ಟ್‌ವೇರ್ ಅದರಲ್ಲಿ ಸಣ್ಣ ಭಾಗ. ತಂತ್ರಜ್ಞರಲ್ಲಿ ಒಬ್ಬರನ್ನೊಬ್ಬರು ಕೇಳುವ ಅಭ್ಯಾಸ ಮೊದಲೇ ಇತ್ತು, ಕಂಪನಿ ಅದರ ಬೆನ್ನಿಗೆ ನಿಂತಿತು. ನಾವು ಆ ಅಭ್ಯಾಸ ಇಲ್ಲದ ಕಡೆ ಹೊಸ ಪೋರ್ಟಲ್ ತಂದಿಟ್ಟು, ಯಾಕೆ ಯಾರೂ ಬರೆಯುತ್ತಿಲ್ಲ ಅಂತ ಕೇಳುತ್ತೇವೆ.

ಪಾಯಿಂಟ್ಸ್, ಬ್ಯಾಡ್ಜ್, ತಿಂಗಳ ಉತ್ತಮ ಲೇಖಕ ಇಂಥದ್ದರ ಬಗ್ಗೆ ನನಗೆ ಅದಕ್ಕೇ ನಂಬಿಕೆ ಇಲ್ಲ. ಎರಡು ತಿಂಗಳು ಪೈಪೋಟಿಯ ಮೇಲೆ ಬರೆಯುತ್ತಾರೆ, ಹುಡುಕಿದರೆ ಏನೂ ಸಿಗದಷ್ಟು ಕಸ ತುಂಬುತ್ತದೆ. ಆದರೆ 'ಅವರು ಬರೆದಿಟ್ಟದ್ದು ಓದಿ ನಿನ್ನೆ ನನ್ನ ಕೆಲಸ ಆಯ್ತು' ಅಂತ ಒಬ್ಬರು ಹೆಸರು ಹಿಡಿದು ಹೇಳಿದರೆ ಆ ಮಾತಿನ ತೂಕವೇ ಬೇರೆ.

ಈಗ ಮುಚ್ಚಿಡುವವರ ವಿಷಯ. ಇದನ್ನು ನೇರವಾಗಿಯೇ ಹೇಳಬೇಕು. ನನಗೆ ಗೊತ್ತಿರುವುದನ್ನು ಎಲ್ಲರಿಗೂ ಕಲಿಸಿಬಿಟ್ಟರೆ ನಾಳೆ ನನ್ನನ್ನು ತೆಗೆದುಹಾಕಿದರೆ? ಈ ಭಯ ಸುಮ್ನೆ ಹುಟ್ಟಿದ್ದಲ್ಲ. ಪೂರ್ತಿ ಬರೆಸಿಕೊಂಡು ಆಮೇಲೆ ಮನೆಗೆ ಕಳಿಸಿದ ಕತೆಗಳನ್ನು ಎಲ್ಲರೂ ಕೇಳಿರುತ್ತಾರೆ. ಒಂದು ಕಂಪನಿ ಒಮ್ಮೆ ಹಾಗೆ ಮಾಡಿದರೆ ಸಾಕು, ಅಲ್ಲಿ ಉಳಿದವರು ವರ್ಷಗಟ್ಟಲೆ ಬಾಯಿ ಬಿಗಿಹಿಡಿಯುತ್ತಾರೆ, ಅವರನ್ನು ಸ್ವಾರ್ಥಿಗಳು ಅನ್ನುವ ಹಕ್ಕು ಯಾರಿಗೂ ಇಲ್ಲ. ಅಪ್ರೈಸಲ್, ಅಂದರೆ ಯಾರ ಕೆಲಸ ಹೇಗಿದೆ ಅಂತ ಅಳೆಯುವ ಪದ್ಧತಿ ಕೂಡ ಇದೇ ಕೆಲಸ ಮಾಡುತ್ತದೆ. ಟೀಮಿನಲ್ಲಿ ಇಷ್ಟು ಜನ ಮೇಲೆ, ಇಷ್ಟು ಜನ ಕೆಳಗೆ ಇರಲೇಬೇಕು ಅಂತ ಮೊದಲೇ ಅಳತೆ ಹಾಕಿಟ್ಟರೆ, ಪಕ್ಕದವನಿಗೆ ಕಲಿಸುವುದು ಅಂದರೆ ನನ್ನ ಜಾಗವನ್ನು ನಾನೇ ಬಿಟ್ಟುಕೊಟ್ಟಂತೆ. ಮೈಕ್ರೋಸಾಫ್ಟ್ ಇಂಥ ಪದ್ಧತಿಯನ್ನು ವರ್ಷಗಟ್ಟಲೆ ನಡೆಸಿ 2013ರ ನವೆಂಬರ್‌ನಲ್ಲಿ ಕೈಬಿಟ್ಟಿತು. ಬೇರೆಯವರ ಕೆಲಸಕ್ಕೆ ನೀವು ಎಷ್ಟು ನೆರವಾದಿರಿ, ಬೇರೆಯವರ ಕೆಲಸದ ಮೇಲೆ ನೀವು ಏನು ಕಟ್ಟಿದಿರಿ ಅನ್ನುವುದನ್ನೂ ನೋಡಲು ಶುರುಮಾಡಿತು. ಈ ಎರಡನೆಯ ಪ್ರಶ್ನೆ ನನಗೆ ತುಂಬಾ ಇಷ್ಟ. ಯಾರಿಂದ ಕಲಿತೆ ಅಂತ ಹೇಳುವುದಕ್ಕೂ ಅಲ್ಲಿ ಜಾಗ ಇದೆ.

ಅಪ್ರೈಸಲ್ ಪದ್ಧತಿ ಬದಲಿಸುವುದು ನಮ್ಮ ನಿಮ್ಮ ಕೈಯಲ್ಲಿ ಇಲ್ಲದಿರಬಹುದು. ಟೀಮಿನ ಮಟ್ಟದಲ್ಲಿ ಮಾಡಬಹುದಾದ್ದು ಮಾತ್ರ ಬೇಕಾದಷ್ಟಿದೆ.

ಪ್ರಶ್ನೆಗಳನ್ನು ಖಾಸಗಿ ಚಾಟಿನಿಂದ ಹೊರಗೆ ತನ್ನಿ. ಒಬ್ಬ ಪರಿಣತರಿಗೆ ಒಂದೇ ಪ್ರಶ್ನೆ ಬೇರೆ ಬೇರೆಯವರಿಂದ ಒಬ್ಬೊಬ್ಬರಾಗಿ ಬರುತ್ತದೆ, ಅವರು ಅಷ್ಟೂ ಸಲ ಉತ್ತರಿಸುತ್ತಾರೆ, ಕೊನೆಗೆ ಸುಸ್ತಾಗಿ ಉತ್ತರಿಸುವುದನ್ನೇ ಬಿಡುತ್ತಾರೆ. ಟೀಮಿನ ಎಲ್ಲರಿಗೂ ಕಾಣುವ ಚಾನೆಲ್‌ನಲ್ಲಿ ಕೇಳಿದರೆ ಒಂದು ಉತ್ತರ ಹತ್ತು ಜನಕ್ಕೆ ಆಗುತ್ತದೆ, ಆರು ತಿಂಗಳ ನಂತರ ಹುಡುಕುವವರಿಗೂ ಸಿಗುತ್ತದೆ. ಮುಂಚೆ ಒಂದೇ ಹಾಲಿನಲ್ಲಿ ಕೂತವರಿಗೆ ಪಕ್ಕದ ಮೇಜಿನ ಮಾತು ಕಿವಿಗೆ ಬಿದ್ದೇ ಎಷ್ಟೋ ಗೊತ್ತಾಗುತ್ತಿತ್ತು. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಥಾಮಸ್ ಅಲೆನ್ 1970ರ ದಶಕದಲ್ಲಿ ಎಂಜಿನಿಯರುಗಳು ಎಷ್ಟು ದೂರದಲ್ಲಿ ಕೂತರೆ ಎಷ್ಟು ಮಾತಾಡುತ್ತಾರೆ ಅಂತ ಅಳೆದಿದ್ದರು. ದೂರ ಹೆಚ್ಚಿದಂತೆ ಮಾತು ಥಟ್ಟನೆ ಇಳಿಯುತ್ತದೆ, 50 ಮೀಟರ್ ದಾಟಿದ ಮೇಲೆ ಇಲ್ಲವೇ ಇಲ್ಲ ಅನ್ನುವಷ್ಟು. ಈಗ ಮನೆಯಿಂದ, ಬೇರೆ ಬೇರೆ ಊರುಗಳಿಂದ ಕೆಲಸ ಮಾಡುವವರಿಗೆ ಆ ಕಿವಿಗೆ ಬೀಳುವ ಭಾಗ್ಯ ಇಲ್ಲ. ಎಲ್ಲರಿಗೂ ಕಾಣುವ ಪ್ರಶ್ನೋತ್ತರ ಅದರ ಜಾಗವನ್ನು ಒಂದಿಷ್ಟು ತುಂಬುತ್ತದೆ.

ಇನ್ನೊಂದು, ಉತ್ತರ ಪಡೆದವರೇ ಬರೆದಿಡಲಿ. ಇದು ನಾನು ನೋಡಿದ ಕ್ರಮಗಳಲ್ಲೆಲ್ಲ ಒಳ್ಳೆಯದು. ಗೊತ್ತಿರುವವರು ಬರೆದರೆ ಅವರಿಗೆ ಸಹಜ ಅನ್ನಿಸಿದ್ದೆಲ್ಲ ಬಿಟ್ಟುಹೋಗುತ್ತದೆ. ಈಗಷ್ಟೇ ಕಲಿತವರಿಗೆ ಎಲ್ಲಿ ಎಡವಿದೆ ಅನ್ನುವುದು ಹಸಿಹಸಿಯಾಗಿ ನೆನಪಿರುತ್ತದೆ, ಅವರು ಬರೆದದ್ದು ಮುಂದಿನವರಿಗೆ ಅರ್ಥವಾಗುತ್ತದೆ. ಹಿರಿಯರು ಐದು ನಿಮಿಷ ಕಣ್ಣಾಡಿಸಿ ತಿದ್ದಿದರೆ ಸಾಕು. ಕೇಳಿದವರಿಗೂ ಪುಕ್ಕಟೆಯಾಗಿ ಪಡೆದೆ ಅನ್ನುವ ಸಂಕೋಚ ಇರುವುದಿಲ್ಲ.

ಮತ್ತು ಸಮಯ. ಎಲ್ಲರೂ ಹೋಗಿ ಕೇಳುವ ಒಬ್ಬರು ಪ್ರತಿ ಟೀಮಿನಲ್ಲೂ ಇರುತ್ತಾರೆ. ಅವರ ಅರ್ಧ ದಿನ ಬೇರೆಯವರ ಕೆಲಸ ಬಿಡಿಸುವುದರಲ್ಲೇ ಹೋಗುತ್ತದೆ, ಅವರ ಸ್ವಂತ ಕೆಲಸದ ಗಡುವು ಮಾತ್ರ ಒಂದು ದಿನವೂ ಮುಂದೆ ಹೋಗುವುದಿಲ್ಲ. ಕೆಲಸ ಹಂಚುವಾಗಲೇ ಅವರ ಪಾಲನ್ನು ಕಡಿಮೆ ಮಾಡಿ, ಉಳಿದ ಹೊತ್ತು ಕಲಿಸುವುದಕ್ಕೆ ಅಂತ ಎಲ್ಲರಿಗೂ ಗೊತ್ತಾಗುವ ಹಾಗೆ ಬರೆದಿಡಿ. ಹಾಗೆ ಮಾಡದೆ ಅವರಿಂದ ಇನ್ನಷ್ಟು ಹಂಚಿಕೆ ಬಯಸುವುದು ಅನ್ಯಾಯ.

ಕೊನೆಯದಾಗಿ ನಿಮ್ಮ ಟೀಮಿನಲ್ಲಿ ಯಾವುದನ್ನು ಮೊದಲು ಕೇಳಬೇಕು ಅನ್ನುವುದು ತಿಳಿಯದಿದ್ದರೆ, ಎಲ್ಲರೂ ಹೋಗಿ ಕೇಳುವ ಆ ಒಬ್ಬರು ಒಂದು ವಾರ ರಜೆ ಹೋಗುವವರೆಗೆ ಕಾಯಿರಿ. ರಜೆಯಲ್ಲಿ ಅವರಿಗೆ ಫೋನ್ ಮಾಡಬಾರದು ಅಂತ ಕಟ್ಟುನಿಟ್ಟಾಗಿ ಹೇಳಿ. ಆ ವಾರದಲ್ಲಿ 'ಇದು ಅವರಿಗೇ ಗೊತ್ತು' ಅಂತ ಯಾರು ಯಾವಾಗ ಅಂದರೂ ಒಂದು ಕಡೆ ಗುರುತು ಹಾಕಿಕೊಳ್ಳಿ. ಅವರು ವಾಪಸ್ ಬಂದ ಮೇಲೆ ಆ ಪಟ್ಟಿ ಹಿಡಿದು, ಯಾರಿಗೆ ಅದು ಬೇಕಿತ್ತೋ ಅವರನ್ನೇ ಪಕ್ಕದಲ್ಲಿ ಕೂರಿಸಿ, ಕೆಲಸ ಮಾಡುತ್ತಲೇ ತೋರಿಸಲು ಹೇಳಿ, ಕೂತವರು ಯಾಕೆ ಅಂತ ಎಷ್ಟು ಸಲ ಬೇಕಾದರೂ ಕೇಳಲಿ.